ಕರಡು ಓದುವವರು ಬೇಕು: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಯುವ ಸಂಶೋಧಕರಿಗೂ ಅವರ ಬೆನ್ನಿಗೆ ನಿಲ್ಲುವವರಿಗೂ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರದತ್ತ ಸಾಗುತ್ತದೆ. ಈ ಮೂರು ಊರುಗಳಲ್ಲಿ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮುಗಿಸಿ ಪಿಎಚ್‌.ಡಿಗೆ ಹೆಸರು ಹಚ್ಚಿದವರು, ಹಚ್ಚಬೇಕೆಂದು ಓಡಾಡುತ್ತಿರುವವರು ಈಗ ಬಹಳ ಮಂದಿ ಇದ್ದಾರೆ. ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಪದವಿ ಕಂಡ ಮೊದಲ ತಲೆಮಾರು ಇವರೇ. ಹಲವರು ಅತಿಥಿ ಉಪನ್ಯಾಸಕರು. ವರ್ಷಕ್ಕೊಮ್ಮೆ ಕೌನ್ಸೆಲಿಂಗ್‌ನಲ್ಲಿ ಕಾಲೇಜು ಸಿಕ್ಕರೆ ಪಾಠ, ಇಲ್ಲದಿದ್ದರೆ ಟ್ಯೂಷನ್ ಅಥವಾ ಹೊಲ. ರಾತ್ರಿ ಉಳಿದ ಹೊತ್ತು ಸಂಶೋಧನೆಗೆ.

“ಎಲ್ಲಿಗೆ ಬಂತವಾ ನಿನ್ನ ಪಿಎಚ್‌.ಡಿ?” ಎಂದು ಮದುವೆ ಮನೆಯಲ್ಲಿ ಕೇಳುವವರಿಗೆ ಕೊರತೆಯಿಲ್ಲ. ಬರೆದ ಅಧ್ಯಾಯವನ್ನು ಕೈಗೆತ್ತಿಕೊಂಡು, ಪೆನ್ನು ಹಿಡಿದು, ಸಾಲು ಸಾಲಾಗಿ ಓದಿ ಹೇಳುವವರಿಗೆ ಮಾತ್ರ ತುಂಬ ಕೊರತೆಯಿದೆ. ಧಾರವಾಡ, ಬೆಂಗಳೂರಿನ ದೊಡ್ಡ ಸಂಸ್ಥೆಗಳು “ಗ್ರಾಮೀಣ ಭಾಗದ ಯುವ ಸಂಶೋಧಕರಿಗೆ ಉತ್ತೇಜನ” ಎಂದು ನಡೆಸುವ ಕಾರ್ಯಕ್ರಮಗಳು ಬಹುತೇಕ ದೀಪ ಬೆಳಗಿಸಿ, ಶಾಲು ಹೊದಿಸಿ, ಒಂದು ತಾಸಿನ ಭಾಷಣದಲ್ಲಿ ಮುಗಿಯುತ್ತವೆ. ಅದರಿಂದ ಹುಮ್ಮಸ್ಸು ಬರುವುದು ನಿಜ. ಆದರೆ ಮರುದಿನ ಆ ಯುವ ಸಂಶೋಧಕ ಮೇಜಿನ ಮುಂದೆ ಕೂತಾಗ ಅವನಿಗೆ ಬೇಕಾದದ್ದು ಬೇರೆ: ಒಂದು ಗ್ರಂಥಾಲಯದ ಲಾಗಿನ್, ಒಂದು ಹಳೆಯ ಗೆಜೆಟಿಯರ್, ತನ್ನ ಪ್ರಶ್ನೆ ಸರಿಯಿದೆಯೇ ಎಂದು ಹೇಳಬಲ್ಲ ಒಬ್ಬ ಹಿರಿಯ, ಧಾರವಾಡದಲ್ಲಿ ಎರಡು ರಾತ್ರಿ ಉಳಿಯಲು ಜಾಗ. ಸಂಸ್ಥೆಗಳ ನೆರವು ಇಷ್ಟು ನಿರ್ದಿಷ್ಟವಾಗಿದ್ದರೆ ಮಾತ್ರ ಅದು ನೆರವು.

ವಿಶ್ವವಿದ್ಯಾಲಯ ಎಲ್ಲಿದೆ?

ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಇದು ಧಾರವಾಡ ಜಿಲ್ಲೆಯ ದಕ್ಷಿಣದ ಅಂಚು. ಉನ್ನತ ಶಿಕ್ಷಣವೆಂದರೆ ಕರ್ನಾಟಕ ವಿಶ್ವವಿದ್ಯಾಲಯ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕ್ ಧಾರವಾಡದ ಮೂಲಕ ಆಕ್ಸ್‌ಫರ್ಡ್‌ಗೆ ಹೋದರು. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಧಾರವಾಡದಿಂದ ಲೀಡ್ಸ್‌ಗೆ ಹೋಗಿ ಬಂದರು. ಹಾವೇರಿಯಲ್ಲಿ 1940ರಲ್ಲಿ ಹುಟ್ಟಿದ ವಸುಂಧರಾ ಫಿಲಿಯೋಜಾ ಧಾರವಾಡದಲ್ಲಿ ಓದಿ ಪ್ಯಾರಿಸ್ಸಿಗೆ ಹೋಗಿ ವಿಜಯನಗರದ ಆರಂಭಕಾಲದ ಶಾಸನಗಳ ಮೇಲೆ ಕೆಲಸ ಮಾಡಿದರು. ಅದು 1973ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪುಸ್ತಕವಾಯಿತು. ಮುಂದೆ ಅವರು ತಿರುಗಿ ತಮ್ಮ ಸೀಮೆಗೇ ಬಂದು ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದ ಮೇಲೆ ಒಂದು ಇಡೀ ಪುಸ್ತಕ ಬರೆದರು; ಅದು 1995ರಲ್ಲಿ ಪ್ರಕಟವಾಯಿತು. ತುಂಗಭದ್ರೆಯ ದಂಡೆಯ ಆ ಗುಡಿ, ಅಲ್ಲಿನ ಉದ್ದುದ್ದ ಕನ್ನಡ ಶಾಸನಗಳು, ಗುತ್ತಲದ ಗುತ್ತರಸರ ಚರಿತ್ರೆ ಇವೆಲ್ಲ ಜಗತ್ತಿನ ವಿದ್ವಾಂಸರ ಮೇಜಿಗೆ ಹೋದದ್ದು ಹೀಗೆ ಹಾವೇರಿಯ ಒಬ್ಬ ಹೆಣ್ಣುಮಗಳ ಕೈಯಿಂದ. ನಮ್ಮ ಕಾಲೇಜುಗಳಲ್ಲಿ ಇತಿಹಾಸ ಓದುವ ಎಷ್ಟು ಮಕ್ಕಳಿಗೆ ಅವರ ಹೆಸರು ಹೇಳಿದ್ದೇವೆ?

ಈಗ ಜಿಲ್ಲೆಯೊಳಗೇ ಸಂಸ್ಥೆಗಳಿವೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ, ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು, ದೇವಗಿರಿಯಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು ಇವೆ. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವಾಯಿತು. ಆದರೆ 2025ರ ಆರಂಭದಲ್ಲೇ ಸಂಪುಟ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಂದುವರಿಸುವುದು ಬೇಡವೆಂದಿತು. ಆ ಒಂಬತ್ತರಲ್ಲಿ ಹಾವೇರಿಯೂ ಇತ್ತು. ಕಾರಣ ಹಣ. ಆ ಸುದ್ದಿ ಬಂದ ದಿನ ಇಲ್ಲಿ ಓದುತ್ತಿದ್ದ ಮಕ್ಕಳ ಮನಸ್ಸಿಗೆ ಏನಾಗಿರಬೇಕು ಎಂದು ಬೆಂಗಳೂರಿನಲ್ಲಿ ಕೂತವರು ಒಮ್ಮೆ ಯೋಚಿಸಬೇಕು. ಸಂಶೋಧನಾರ್ಥಿಗೆ ನನ್ನ ಸಲಹೆ ಇಷ್ಟೇ: ನೋಂದಣಿ ಪತ್ರ, ಶುಲ್ಕದ ರಸೀದಿ, ಕೋರ್ಸ್‌ವರ್ಕ್ ಅಂಕಪಟ್ಟಿ, ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿ, ಇವೆಲ್ಲದರ ಪ್ರತಿ ನಿಮ್ಮ ಬಳಿ ಇರಲಿ. ವಿಶ್ವವಿದ್ಯಾಲಯದ ಹೆಸರು ಬದಲಾದರೂ ನಿಮ್ಮ ಕೆಲಸದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆ ಮನೆಯ ಮುಂದೆಯೇ ಇದೆ

ಸಂಶೋಧನೆಯ ವಿಷಯ ಆರಿಸುವಾಗ ನಮ್ಮ ಮಕ್ಕಳು ದೂರ ನೋಡುತ್ತಾರೆ. ತಾವು ಹುಟ್ಟಿ ಬೆಳೆದ ಜಾಗ ಸಂಶೋಧನೆಗೆ ಸಣ್ಣದು ಎಂಬ ಅಳುಕು ಅವರಲ್ಲಿದೆ. ಅದನ್ನು ಮೊದಲು ಬಿಡಿಸಬೇಕು.

ಬ್ಯಾಡಗಿಯನ್ನೇ ನೋಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಖಾರ ಕಡಿಮೆ, ಬಣ್ಣ ಗಾಢ, ಆ ಬಣ್ಣಕ್ಕಾಗಿಯೇ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳು ಇದನ್ನು ಕೊಳ್ಳುತ್ತವೆ. ಆದರೆ ಸೋಮವಾರ, ಗುರುವಾರ ಮಾರುಕಟ್ಟೆಗೆ ಬಂದು ಬೀಳುವ ಚೀಲಗಳಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಆಂಧ್ರದ ಕರ್ನೂಲು ಕಡೆಯವು. ಬ್ಯಾಡಗಿ ತಾಲ್ಲೂಕಿನ ಹೊಲಗಳನ್ನು ಗೋವಿನಜೋಳ ಆವರಿಸಿದೆ. ಊರಿನ ಹೆಸರಿನ ಬೆಳೆ ಊರಿನ ಹೊಲದಿಂದ ಹೇಗೆ ಸರಿಯಿತು, ಹೆಸರಿನ ಲಾಭ ಈಗ ಯಾರಿಗೆ ಹೋಗುತ್ತಿದೆ ಎಂಬುದು ಅರ್ಥಶಾಸ್ತ್ರಕ್ಕೂ ಕೃಷಿವಿಜ್ಞಾನಕ್ಕೂ ಕಾನೂನಿಗೂ ಸೇರಿದ ಪ್ರಶ್ನೆ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಪತ್ರಿಕೆಗಳು ಬೆಂಕಿಯ ಚಿತ್ರ ಹಾಕಿದವು. ಆ ದಿನದ ಹಿಂದೆ ಇದ್ದ ಆವಕ, ಶೈತ್ಯಾಗಾರದಲ್ಲಿ ಉಳಿದಿದ್ದ ಹಳೆಯ ದಾಸ್ತಾನು, ಬ್ಯಾಡಗಿ ತಳಿಯ ಪಕ್ಕದಲ್ಲೇ ಬಂದು ಕೂತ ಗುಂಟೂರು ತಳಿ, ಇ–ಟೆಂಡರ್‌ನಲ್ಲಿ ಲಾಟಿಗೆ ಬಿದ್ದ ಬೆಲೆ, ಇವನ್ನೆಲ್ಲ ಕೂಡಿಸಿ ನೋಡಬೇಕಾದವರು ಸಂಶೋಧಕರು. ದಿನದಿನದ ಧಾರಣೆ ರಾಜ್ಯ ಸರಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ದಲಾಲರ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾತಾಡಿಸುವ ಸಲಿಗೆ ಮಾತ್ರ ಊರಿನ ಮಕ್ಕಳಿಗೇ ಇರುವುದು.

ಇತಿಹಾಸ ಮತ್ತು ಶಾಸನದ ಕಡೆ ಹೋಗುವವರು ಒಂದು ಸಂಗತಿ ತಿಳಿದಿರಬೇಕು. ಹಾವೇರಿ ಸೀಮೆಯ ಶಾಸನ ಹುಡುಕುತ್ತ ಹಲವರು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ ತಿರುವಿ ಏನೂ ಸಿಗದೆ ಕೈಚೆಲ್ಲುತ್ತಾರೆ. ಆ ಮಾಲೆಯನ್ನು ಸಂಪಾದಿಸಿದ ಬಿ.ಎಲ್. ರೈಸ್ ಕೆಲಸ ಮಾಡಿದ್ದು ಹಳೆಯ ಮೈಸೂರು ಮತ್ತು ಕೊಡಗಿನಲ್ಲಿ. ನಮ್ಮ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆದ್ದರಿಂದ ನೋಡಬೇಕಾದದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು. ಬಾಂಬೆ–ಕರ್ನಾಟಕ ಶಾಸನಗಳು ಅಲ್ಲಿವೆ. ಜೊತೆಗೆ 1884ರಲ್ಲಿ ಬಂದ ಮುಂಬಯಿ ಪ್ರಾಂತದ ಗೆಜೆಟಿಯರ್‌ನ 22ನೆಯ ಸಂಪುಟ, ಅಂದರೆ ಧಾರವಾಡ ಸಂಪುಟ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಅಂದಿನ ಸಂತೆ, ಕೆರೆ, ನೇಕಾರಿಕೆ, ಗುಡಿಗಳ ವಿವರ ಅದರಲ್ಲಿ ಇವೆ. ಆ ಗೆಜೆಟಿಯರ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪೂರ್ತಿಯಾಗಿ ಇದೆ. ಮೂಲ ತಾಳೆಗರಿ, ತಾಮ್ರಪಟ ನೋಡಬೇಕಾದವರು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಹೋಗಬೇಕು; 1939ರಲ್ಲಿ ಶುರುವಾದ ಆ ಸಂಸ್ಥೆ ಈಗ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹೋಗುವ ಮುನ್ನ ನಿಮ್ಮ ಗೈಡ್‌ ಅವರಿಂದ ಒಂದು ಪತ್ರ ಬರೆಸಿಕೊಳ್ಳಿ. ಪತ್ರವಿಲ್ಲದೆ ಹೋದರೆ ಒಂದು ದಿನ ಅನುಮತಿಗೇ ಹೋಗಿಬಿಡುತ್ತದೆ.

ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ಒಂದು ಕಾಲದಲ್ಲಿ ಎರೆಭೂತ ಹಕ್ಕಿ ಇಲ್ಲಿ ಓಡಾಡುತ್ತಿತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆಸಿದ ಮೇಲೆ ಆದ ಬದಲಾವಣೆಯನ್ನು ಸುತ್ತಲಿನ ಕುರಿಗಾಹಿಗಳ ನೆನಪಿನಿಂದ ದಾಖಲಿಸುವ ಕೆಲಸಕ್ಕೆ ಇನ್ನು ಹೆಚ್ಚು ಕಾಲ ಉಳಿದಿಲ್ಲ. ಆ ನೆನಪಿನವರು ಮುದುಕರಾಗಿದ್ದಾರೆ. ಅದೇ ತಾಲ್ಲೂಕಿನಲ್ಲಿ ಹೈಬ್ರಿಡ್ ಹತ್ತಿ, ತರಕಾರಿ ಬೀಜೋತ್ಪಾದನೆ ದೊಡ್ಡ ಕಸುಬು. ಹೂ ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳ ಕೌಶಲ, ಕೂಲಿ, ಕಂಪನಿಯ ಜೊತೆಗಿನ ಬಾಯಿಮಾತಿನ ಒಪ್ಪಂದ, ಇವುಗಳ ಮೇಲೆ ಬರೆಯಬಲ್ಲವರು ಅವರ ಮನೆಯ ಮಕ್ಕಳೇ.

ಒಂದು ಸಾಲಿನ ಕರಡು, ಅಂಚಿನ ಟಿಪ್ಪಣಿ

ಕರಡು ಓದುವುದೆಂದರೆ ಏನು ಎಂಬುದನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಪ್ರಬಂಧದ ಶೀರ್ಷಿಕೆ “ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಕೃಷಿ: ಒಂದು ಅಧ್ಯಯನ” ಎಂದಿದೆ ಎನ್ನಿ. ಮೊದಲ ಅಧ್ಯಾಯದಲ್ಲಿ ಒಂದು ವಾಕ್ಯ: “ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರಿಗೆ ಅನ್ಯಾಯವಾಗುತ್ತಿದೆ.”

“ಚೆನ್ನಾಗಿದೆ, ಮುಂದುವರಿಸು” ಎಂದು ಸಹಿ ಹಾಕಿ ಕೊಟ್ಟರೆ ಆ ವಿದ್ಯಾರ್ಥಿಯ ಒಂದು ವರ್ಷ ಹೋಯಿತು. ಒಳ್ಳೆಯ ಓದುಗ ಆ ಒಂದೇ ಸಾಲಿನ ಅಂಚಿನಲ್ಲಿ ಬರೆಯುತ್ತಾನೆ: ಯಾವ ರೈತರು? ಎರಡೆಕರೆಯವರೋ, ಲಾರಿ ತುಂಬ ತರುವವರೋ? ಕಡ್ಡಿಯೋ ಡಬ್ಬಿಯೋ? ಅನ್ಯಾಯ ತೂಕದಲ್ಲೋ, ದರದಲ್ಲೋ, ಹಣ ಕೈಸೇರುವ ತಡದಲ್ಲೋ? ಮುಂಗಡ ಕೊಟ್ಟ ದಲಾಲರ ಅಂಗಡಿಗೇ ಮಾಲು ಹಾಕಬೇಕಾದ ರೈತನ ದರವೂ ಸಾಲವಿಲ್ಲದವನ ದರವೂ ಒಂದೇ ಆಗಿವೆಯೇ? ಒಂದೇ ದಿನ, ಒಂದೇ ಗುಣಮಟ್ಟದ ಎರಡು ಲಾಟಿನ ದರ ಹೋಲಿಸಿದ್ದೀಯಾ? ಈ ಕೊನೆಯ ಪ್ರಶ್ನೆಯೊಳಗೆ ಒಂದು ಇಡೀ ಪಿಎಚ್‌.ಡಿ ಇದೆ. ಶೀರ್ಷಿಕೆಯೂ ತಾನಾಗಿ ಬದಲಾಗುತ್ತದೆ: ಮುಂಗಡ ಸಾಲ ಮತ್ತು ಮೆಣಸಿನಕಾಯಿ ದರ.

ಇಂಥ ಐದಾರು ಪ್ರಶ್ನೆಗಳನ್ನು ಬರೆದುಕೊಡಲು ಅನುಭವಿ ಪ್ರಾಧ್ಯಾಪಕರಿಗೆ ಒಂದು ಸಂಜೆ ಸಾಕು. ಬೆಂಗಳೂರಿನಲ್ಲಿದ್ದರೂ ಬಾಸ್ಟನ್‌ನಲ್ಲಿದ್ದರೂ ಮಾಡಬಹುದಾದ ಕೆಲಸವಿದು. ಪ್ರಯಾಣ ಭತ್ಯೆಯೂ ಬೇಡ, ವೇದಿಕೆಯೂ ಬೇಡ.

ದೊಡ್ಡವರಿಗೆ ಬರೆಯುವ ಪತ್ರ

ಅಪರಿಚಿತ ಪ್ರಾಧ್ಯಾಪಕರಿಗೆ ಬರೆಯಲು ನಮ್ಮ ಮಕ್ಕಳು ಹೆದರುತ್ತಾರೆ. ಬರೆದವರು “ದಯವಿಟ್ಟು ನನಗೆ ಮಾರ್ಗದರ್ಶನ ಮಾಡಿ” ಎಂಬ ಒಂದು ಸಾಲು ಬರೆದು, ಉತ್ತರ ಬಾರದೆ ನೊಂದುಕೊಳ್ಳುತ್ತಾರೆ. ಓದುವವರಿಗೆ ಏನು ಮಾಡಬೇಕೆಂದು ತಿಳಿಯುವಂತೆ ಬರೆಯಿರಿ. ಹೀಗೆ:

“ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು. ನಾನು ಬ್ಯಾಡಗಿಯವಳು, ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಗಳಿಕೆಯ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ. ಹಂಗಾಮಿ ಕೂಲಿಯ ಕುರಿತ ನಿಮ್ಮ ಲೇಖನ ಓದಿದೆ. ಅದರಲ್ಲಿ ನೀವು ದಿನಗೂಲಿಯನ್ನು ಲೆಕ್ಕಕ್ಕೆ ಹಿಡಿದಿದ್ದೀರಿ. ಇಲ್ಲಿ ಕೂಲಿ ತೂಕದ ಮೇಲೆ. ತಾಯಿಯ ಜೊತೆ ಮಗಳೂ ಕೂತು ಬಿಡಿಸಿದರೆ ಲೆಕ್ಕ ತಾಯಿಯ ಹೆಸರಿಗೇ ಬರುತ್ತದೆ. ಹೀಗಿರುವಾಗ ಒಬ್ಬರ ಗಳಿಕೆಯನ್ನು ಹೇಗೆ ಅಳೆಯಬೇಕೆಂಬುದು ನನ್ನ ತೊಡಕು. ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ತಮಗೆ ಬಿಡುವಾದಾಗ ನೋಡಿ ಎರಡು ಮಾತು ಬರೆದರೆ ಉಪಕಾರ. ಫೋನಿನಲ್ಲಿ ಹತ್ತು ನಿಮಿಷ ಕೊಟ್ಟರೂ ಆಗಬಹುದು.”

ಇದರಲ್ಲಿ ಮೂರು ಸಂಗತಿ ಇವೆ: ಅವರ ಬರಹವನ್ನು ನಿಜವಾಗಿ ಓದಿದ ಗುರುತು, ನಿಮ್ಮೂರಿನಿಂದ ಮಾತ್ರ ಬರಬಹುದಾದ ಒಂದು ವಿವರ, ಉತ್ತರಿಸಲು ಸಾಧ್ಯವಾದ ಒಂದು ಪ್ರಶ್ನೆ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ವಿನಯದಿಂದ ಇನ್ನೊಮ್ಮೆ ನೆನಪಿಸಿ. ಆಮೇಲೆ ಬೇರೆಯವರಿಗೆ ಬರೆಯಿರಿ. ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ. ಕನ್ನಡ ಬಲ್ಲ ಪ್ರಾಧ್ಯಾಪಕರಿಗೆ ಸೊಗಸಾದ ಕನ್ನಡ ಪತ್ರ ತಡವರಿಸುವ ಇಂಗ್ಲಿಷಿಗಿಂತ ಬೇಗ ಮುಟ್ಟುತ್ತದೆ. ಇಂಗ್ಲಿಷಿನಲ್ಲೇ ಲೇಖನ ಬರೆದು ಹೊರದೇಶದ ಹಿರಿಯರ ಸಲಹೆ ಬಯಸುವವರಿಗೆ ಆಥರ್‌ಏಡ್ ಎಂಬ ಅಂತರರಾಷ್ಟ್ರೀಯ ಜಾಲ ಉಚಿತವಾಗಿ ಮಾರ್ಗದರ್ಶಕರನ್ನು ಹೊಂದಿಸಿಕೊಡುತ್ತದೆ.

ಓದಲು ಸಿಗುವುದು ಎಲ್ಲಿ?

“ಸರ್, ಇಲ್ಲಿ ಓದಾಕ ಏನೂ ಸಿಗಂಗಿಲ್ರಿ” ಎಂಬ ಮಾತು ಹತ್ತು ವರ್ಷದ ಹಿಂದೆ ಪೂರ್ತಿ ನಿಜವಾಗಿತ್ತು. ಈಗ ಅಷ್ಟು ನಿಜವಲ್ಲ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಗೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇದಕ್ಕೆ ಮೀಸಲು. ಅಂದರೆ ತೆರಿಗೆಯ ಹಣದಲ್ಲಿ ನಿಮ್ಮ ಹೆಸರಿಗೆ ಈಗಾಗಲೇ ಕೊಂಡಿಟ್ಟ ಓದು ಅದು. ಕಾಲೇಜಿನ ಗ್ರಂಥಪಾಲಕರ ಬಳಿ ಹೋಗಿ ಎರಡು ಪ್ರಶ್ನೆ ಕೇಳಿ: ನಮ್ಮ ಸಂಸ್ಥೆ ನೋಂದಣಿಯಾಗಿದೆಯೇ? ಮನೆಯಿಂದ ಓದಲು ಇನ್‌ಫೆಡ್ ಲಾಗಿನ್ ಕೊಡುತ್ತೀರಾ? ಅತಿಥಿ ಉಪನ್ಯಾಸಕರೂ ಕೇಳಲಿ. ಪಾಠ ಮಾಡುವವರಿಗೆ ಓದುವ ಹಕ್ಕಿದೆ. ಅನುದಾನಿತ ಮತ್ತು ಖಾಸಗಿ ಕಾಲೇಜುಗಳಿಗೆ ಇನ್‌ಫ್ಲಿಬ್‌ನೆಟ್‌ನ ಎನ್–ಲಿಸ್ಟ್ ಇದೆ. ಕಾಲೇಜು ಸಣ್ಣದೊಂದು ವಾರ್ಷಿಕ ಶುಲ್ಕ ಕಟ್ಟಿದರೆ ಸಾವಿರಾರು ಪತ್ರಿಕೆ, ಪುಸ್ತಕ ಸಿಗುತ್ತವೆ. ಹಾಸ್ಟೆಲ್ ಗೋಡೆಗೆ ಬಣ್ಣ ಹೊಡೆಸುವ ಹಣಕ್ಕಿಂತ ಅದು ಬಹಳ ಕಡಿಮೆ. ಆಡಳಿತ ಮಂಡಳಿಯವರು ದಯವಿಟ್ಟು ಗಮನಿಸಬೇಕು.

ಶೋಧಗಂಗಾದಲ್ಲಿ ದೇಶದ 5 ಲಕ್ಷಕ್ಕೂ ಹೆಚ್ಚು ಪಿಎಚ್‌.ಡಿ ಪ್ರಬಂಧಗಳಿವೆ, ಯಾರು ಬೇಕಾದರೂ ಓದಬಹುದು. ವಿಷಯ ಆರಿಸುವ ಮುನ್ನ ಅಲ್ಲಿ ಹುಡುಕುವುದು ಕಡ್ಡಾಯವೆಂದೇ ಇಟ್ಟುಕೊಳ್ಳಿ. ಒಂದು ಕಿವಿಮಾತು: ಕನ್ನಡ ಪ್ರಬಂಧಗಳ ಹೆಸರನ್ನು ಕೆಲವು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಮನಬಂದಂತೆ ಬರೆದಿರುತ್ತಾರೆ. ಬ್ಯಾಡಗಿ, ಬ್ಯಾಡಗಿ ಮೆಣಸು, ಮೆಣಸಿನಕಾಯಿ, ಚಿಲ್ಲಿ ಎಂದು ನಾಲ್ಕಾರು ಬಗೆಯಲ್ಲಿ, ಎರಡೂ ಲಿಪಿಯಲ್ಲಿ ಹುಡುಕಿ.

ನಿಯಮ, ಹಣ, ವಯಸ್ಸು

ಯುಜಿಸಿಯ 2022ರ ಪಿಎಚ್‌.ಡಿ ನಿಯಮಾವಳಿಯನ್ನು ಒಮ್ಮೆ ಪೂರ್ತಿ ಓದಿ. ಬಹಳ ಹೆದರಿಕೆಗಳು ಕೇಳಿದ ಮಾತಿನಿಂದ ಬರುತ್ತವೆ, ಬರೆದ ನಿಯಮದಿಂದಲ್ಲ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ಮರುನೋಂದಣಿಯಲ್ಲಿ ಇನ್ನೆರಡು. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು, ಒಟ್ಟು ಹತ್ತು ವರ್ಷ ಮೀರದಂತೆ. ಹೆರಿಗೆ ಹಾಗೂ ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ ಕೇಳಬಹುದು. ಮದುವೆ, ಬಾಣಂತನದ ಕಾರಣಕ್ಕೆ “ಇನ್ನು ಆಗಂಗಿಲ್ಲ ಬಿಡು” ಎಂದು ಅರ್ಧಕ್ಕೆ ನಿಲ್ಲಿಸಿದ ಎಷ್ಟೋ ಹೆಣ್ಣುಮಕ್ಕಳಿಗೆ ಈ ಎರಡು ಸಾಲನ್ನು ಯಾರೂ ಓದಿ ಹೇಳಿಲ್ಲ. ಈ ಲೇಖನವನ್ನು ಓದಿದ ಯಾರಾದರೂ ಅಂಥ ಒಬ್ಬ ಅಕ್ಕನಿಗೋ ಸೊಸೆಗೋ ಇದನ್ನು ತೋರಿಸಿದರೆ ನನಗೆ ಅದೇ ದೊಡ್ಡ ಸಂತೋಷ. ಕೆಲಸದಲ್ಲಿರುವವರು ಸಂಸ್ಥೆಯ ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕ ಪಿಎಚ್‌.ಡಿ ಮಾಡಬಹುದು. ಎಂ.ಫಿಲ್ ಈಗಿಲ್ಲ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನೂ ಯುಜಿಸಿ ಈ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮವನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಿರಿ.

ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 2023ರ ಜನವರಿಯಿಂದ ಇದು ಜಾರಿಯಲ್ಲಿದೆ. ಜೆಆರ್‌ಎಫ್ ವಯಸ್ಸಿನ ಮಿತಿ 30, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷ ಸಡಿಲಿಕೆ. 2024ರ ಜೂನ್ ಸುತ್ತಿನಿಂದ ನೆಟ್ ಅಂಕವನ್ನೇ ಪಿಎಚ್‌.ಡಿ ಪ್ರವೇಶಕ್ಕೂ ಬಳಸಬಹುದು. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ನಿಜವಾದ ಅಡ್ಡಗೋಡೆ, ಅನ್ಯಾಯವೂ ಹೌದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆ–ಸೆಟ್ ಕನ್ನಡದಲ್ಲೂ ಇರುತ್ತದೆ, ಆದರೆ ಅದು ರಾಜ್ಯದೊಳಗಿನ ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಮಾತ್ರ, ಫೆಲೋಶಿಪ್ ಇಲ್ಲ. ಮೂರೂ ಊರುಗಳ ಪದವಿ ಕಾಲೇಜುಗಳು ಸೇರಿ ನೆಟ್ ಮೊದಲ ಪತ್ರಿಕೆಗೆ ವಾರಾಂತ್ಯದ ತರಗತಿ ನಡೆಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ವಿಜ್ಞಾನ ವಿದ್ಯಾರ್ಥಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ಮೂರು ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು. ಎರಡು ತಿಂಗಳು ದೇಶದ ಒಳ್ಳೆಯ ಪ್ರಯೋಗಾಲಯವೊಂದರಲ್ಲಿ ಕೆಲಸ; ಅಧ್ಯಾಪಕರೂ ಅರ್ಜಿ ಹಾಕಬಹುದು. ಅರ್ಜಿ ಕರೆಯುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಬಂದವರು ಇನ್‌ಸ್ಪೈರ್ ಫೆಲೋಶಿಪ್ ಮರೆಯಬಾರದು. ಸಮಾಜವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್, ಇತಿಹಾಸದವರಿಗೆ ಐಸಿಎಚ್‌ಆರ್ ಇವೆ.

ಹಣ ಕೇಳುವ ಪತ್ರಿಕೆಗಳು

ಇದನ್ನು ಗಟ್ಟಿಯಾಗಿ ಹೇಳಬೇಕು. “ಮೂರು ದಿನದಲ್ಲಿ ಪ್ರಕಟಣೆ, 1,500 ರೂಪಾಯಿ” ಎಂದು ವಾಟ್ಸಾಪ್‌ನಲ್ಲಿ ಬರುವ ಪತ್ರಿಕೆಗಳಿಗೆ ಬಡ ಸಂಶೋಧನಾರ್ಥಿಗಳ ಹಣ ಹರಿದುಹೋಗುತ್ತಿದೆ. ಅಲ್ಲಿ ಯಾರೂ ನಿಮ್ಮ ಲೇಖನ ಓದುವುದಿಲ್ಲ. ಯುಜಿಸಿ ಒಪ್ಪಿತ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ ಮೇಲೆ, ಪತ್ರಿಕೆ ಒಳ್ಳೆಯದೋ ಅಲ್ಲವೋ ಎಂದು ಅಳೆಯುವ ಹೊಣೆ ಸಂಸ್ಥೆಗಳ ಮೇಲೆ, ನಿಮ್ಮ ಮೇಲೆ ಬಂದಿದೆ. ಹಿಂದಿನ ಎರಡು ಸಂಚಿಕೆ ಓದಿ ನೋಡಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ ಬರೆದು, ತಾವು ನಿಜಕ್ಕೂ ಅಲ್ಲಿದ್ದೀರಾ ಎಂದು ಕೇಳಿ. ಕನ್ನಡದಲ್ಲಿ ಬರೆಯುವ ಇತಿಹಾಸದ ಮಕ್ಕಳಿಗೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನ ಮತ್ತು ಅದರ ‘ಇತಿಹಾಸ ದರ್ಶನ’ ಸಂಪುಟ ಒಳ್ಳೆಯ ಮೊದಲ ಮೆಟ್ಟಿಲು. ಹಳ್ಳಿಯ ಹವ್ಯಾಸಿ ಸಂಶೋಧಕರೂ ಪ್ರಾಧ್ಯಾಪಕರೂ ಅಲ್ಲಿ ಒಂದೇ ಸಾಲಿನಲ್ಲಿ ಕೂತು ಪ್ರಬಂಧ ಓದುತ್ತಾರೆ.

ನಕಲಿನ ವಿಷಯ: 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಸಲ್ಲಿಸುವ ಮುನ್ನ ವಿಶ್ವವಿದ್ಯಾಲಯದ ಶೋಧಶುದ್ಧಿ ಸೌಲಭ್ಯದಲ್ಲಿ ಕರಡನ್ನು ತಪಾಸಣೆ ಮಾಡಿಸಿಕೊಳ್ಳಿ.

ಹೊರಗಿನಿಂದ ಬರುವವರಿಗೆ

ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯವಿದೆ, ಸಮಾಜವಿಜ್ಞಾನದ ಸಿಎಂಡಿಆರ್ ಇದೆ. ಹೆದ್ದಾರಿಯಲ್ಲಿ ಹಾವೇರಿ ಅಲ್ಲಿಂದ ಎರಡು ತಾಸಿನ ದಾರಿ. ಅಲ್ಲಿಂದ ಬರುವವರಲ್ಲಿ ಕೆಲವು ವಿನಂತಿ. ನಮ್ಮ ಮಣ್ಣಿನ ಮಾದರಿ, ರೈತರ ಸಂದರ್ಶನ, ಶಾಸನದ ಫೋಟೊ ತೆಗೆದುಕೊಂಡು ಹೋಗುವಾಗ ಇಲ್ಲಿನ ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಸೇರಿಸಿಕೊಳ್ಳಿ. ದಾರಿ ತೋರಿಸಲು, ಭಾಷೆ ಬಿಡಿಸಲು ಮಾತ್ರ ಬೇಡ. ಪ್ರಶ್ನಾವಳಿ ಬರೆಯುವಾಗಲೂ ಅವರಿರಲಿ, ಕೂಲಿಯೂ ಸಿಗಲಿ, ಲೇಖನದಲ್ಲಿ ಹೆಸರೂ ಬರಲಿ. ಸಿಕ್ಕ ಫಲಿತಾಂಶವನ್ನು ನಾಲ್ಕು ಪುಟದ ಕನ್ನಡದಲ್ಲಿ ಇಲ್ಲಿನ ಕಾಲೇಜಿಗೆ ಕಳಿಸಿ. ನಿಮ್ಮ ಗ್ರಂಥಾಲಯದಲ್ಲಿ ಹೊರಗಿನ ಸಂಶೋಧನಾರ್ಥಿಗೆ ಒಂದು ವಾರದ ಓದುವ ಚೀಟಿ, ಅತಿಥಿಗೃಹದಲ್ಲಿ ಅಗ್ಗದ ಎರಡು ಹಾಸಿಗೆ ಕಾಯ್ದಿರಿಸಿದರೆ, ಅದರಲ್ಲಿ ಒಂದು ಹೆಣ್ಣುಮಕ್ಕಳಿಗಿದ್ದರೆ, ಹತ್ತು ಭಾಷಣ ಮಾಡದ ಕೆಲಸವನ್ನು ಅದು ಮಾಡುತ್ತದೆ. ರಾತ್ರಿ ಉಳಿಯಲು ಜಾಗವಿಲ್ಲವೆಂದೇ ಮನೆಯವರು ಮಗಳನ್ನು ಧಾರವಾಡಕ್ಕೆ ಕಳಿಸುವುದಿಲ್ಲ.

ನಮ್ಮ ಕಾಲೇಜುಗಳೂ ಕಾಯುತ್ತ ಕೂರಬಾರದು. ವಿಜ್ಞಾನ ಅಕಾಡೆಮಿಗಳು ಎರಡು–ಮೂರು ದಿನದ ಉಪನ್ಯಾಸ ಕಾರ್ಯಾಗಾರಗಳನ್ನು ಜಿಲ್ಲೆಯ ಕಾಲೇಜುಗಳಲ್ಲೇ ನಡೆಸಲು ನೆರವು ಕೊಡುತ್ತವೆ; ಅರ್ಜಿ ಹಾಕಬೇಕಾದವರು ಇಲ್ಲಿನ ಅಧ್ಯಾಪಕರೇ. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆ ಬಳಿಯ ತನ್ನ ಆವರಣದಲ್ಲಿ ವಿಜ್ಞಾನ ಅಧ್ಯಾಪಕರಿಗೆ ತರಬೇತಿ ನಡೆಸುತ್ತದೆ; ರಾಣೆಬೆನ್ನೂರಿನಿಂದ ಅದು ಬೆಂಗಳೂರಿಗಿಂತ ಹತ್ತಿರ.

ತಿಂಗಳಿಗೊಂದು ಭಾನುವಾರ

ಯಾರ ಅನುಮತಿಯನ್ನೂ ಕಾಯದೆ ಈ ತಿಂಗಳೇ ಶುರು ಮಾಡಬಹುದಾದದ್ದು ಕರಡು ಓದುವ ಕೂಟ. ಮೂರು ಊರು ಒಂದೇ ರೈಲು ಹಳಿಯ ಮೇಲಿರುವುದರಿಂದ ಒಂದು ತಿಂಗಳು ಹಾವೇರಿ, ಇನ್ನೊಂದು ತಿಂಗಳು ಬ್ಯಾಡಗಿ, ಮತ್ತೊಂದು ರಾಣೆಬೆನ್ನೂರು ಎಂದು ಸರದಿ ಇಟ್ಟುಕೊಳ್ಳಬಹುದು. ಕಾಲೇಜಿನ ಒಂದು ಕೋಣೆ ಅಥವಾ ಸಾರ್ವಜನಿಕ ಗ್ರಂಥಾಲಯದ ಮೂಲೆ ಸಾಕು. ಎಂಟು ಮಂದಿಗಿಂತ ಹೆಚ್ಚಾದರೆ ಎರಡು ಗುಂಪು ಮಾಡಿ. ವಿಷಯ ಬೇರೆ ಬೇರೆಯಾಗಿದ್ದರೆ ಒಳ್ಳೆಯದೇ. ಸಸ್ಯಶಾಸ್ತ್ರದವನಿಗೆ ಅರ್ಥವಾಗದ ಅರ್ಥಶಾಸ್ತ್ರದ ಪ್ಯಾರಾವನ್ನು ಬಹುಶಃ ತಿರುಗಿ ಬರೆಯಬೇಕಾಗಿದೆ.

ಬರೆದವರು ಐದು ಪುಟಕ್ಕಿಂತ ಹೆಚ್ಚು ತರಬಾರದು, ಅದನ್ನು ಬುಧವಾರದೊಳಗೆ ಎಲ್ಲರಿಗೂ ಕಳಿಸಿರಬೇಕು. ಓದದೆ ಬಂದವರು ಅಂದು ಚಹಾ ಮಾಡಲಿ, ಅಭಿಪ್ರಾಯ ಹೇಳುವುದು ಬೇಡ. ಮೊದಲ ಅರ್ಧ ತಾಸು ಬರೆದವರು ಬಾಯಿ ತೆರೆಯಬಾರದು, ಬರೆದುಕೊಳ್ಳಬೇಕು. ಪ್ರತಿಯೊಬ್ಬರೂ ಮೊದಲು ಈ ಐದು ಪುಟ ಹೇಳುತ್ತಿರುವುದು ಏನೆಂದು ಒಂದೇ ವಾಕ್ಯದಲ್ಲಿ ಹೇಳಲಿ. ಆ ವಾಕ್ಯಗಳು ಒಂದಕ್ಕೊಂದು ಹೊಂದದಿದ್ದರೆ ಪ್ರಬಂಧದ ತೊಡಕು ಎಲ್ಲಿದೆಯೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಅಂಚಿನ ಟಿಪ್ಪಣಿಯ ಪ್ರತಿಗಳನ್ನು ಬರೆದವರ ಕೈಗೆ ಕೊಡಿ. ನಿವೃತ್ತ ಪ್ರಾಧ್ಯಾಪಕರು, ಹಿರಿಯ ವಕೀಲರು, ಎಪಿಎಂಸಿಯ ಹಳೆಯ ಕಾರ್ಯದರ್ಶಿ, ಅರಣ್ಯ ಇಲಾಖೆಯಲ್ಲಿ ದುಡಿದವರು ಯಾರಾದರೂ ಒಬ್ಬರನ್ನು ಪ್ರತಿ ಸಲ ಕರೆಯಿರಿ. ಅವರಿಗೆ ಹಾರ ಬೇಡ, ಕರಡಿನ ಒಂದು ಪ್ರತಿಯನ್ನು ಮುಂಚಿತವಾಗಿ ಮನೆಗೆ ಮುಟ್ಟಿಸಿ. ಮುಂದಿನ ತಿಂಗಳು ಯಾರ ಐದು ಪುಟ ಎಂಬುದನ್ನು ಏಳುವ ಮುನ್ನವೇ ಗೊತ್ತು ಮಾಡಿ, ಹೆಸರನ್ನು ಪುಸ್ತಕದಲ್ಲಿ ಬರೆದಿಡಿ.